ಸ್ಟ್ರೆಚರ್ ಅಳಿಸಿ ಕತ್ತೆ ಬರೆದ ಗೋಡೆ

ಪ್ರೀತಿಯ ಮಗಳೇ,

ಅಮೆರಿಕದ ಪೋಸ್ಟ್ ಆಫೀಸ್ ಗೋಡೆಚಿತ್ರಗಳ ಮೇಲೆ ನೀನು ಬರೆದ ಲೇಖನ ಎರಡು ಸಲ ಓದಿದೆ. ‘ಇನ್ಮೇಲೆ ಬರೆಯೋದೇ ಬಿಡ್ತೀನಿ’ ಅಂತ ಕೊನೆಯಲ್ಲಿ ಸೇರಿಸಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಶೀರ್ಷಿಕೆ ಹೇಗಿರಬೇಕು, ಪ್ಯಾರಾ ಎಲ್ಲಿ ಒಡೆಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡ್ತಾರೆ, ಬಿಡು.

ಒಂದು ತಪ್ಪು ಮಾತ್ರ ಈಗಲೇ ತಿದ್ದು. 1930ರ ದಶಕದ ಆರ್ಥಿಕ ಮಹಾ ಕುಸಿತದ ಕಾಲದ ಆ ಚಿತ್ರಗಳನ್ನೆಲ್ಲ ಡಬ್ಲ್ಯೂಪಿಎ ಅನ್ನೋ ಸರ್ಕಾರಿ ಉದ್ಯೋಗ ಯೋಜನೆ ಮಾಡಿಸಿತು ಅಂತ ಬರೆದಿದ್ದೀಯ. ಹಾಗಲ್ಲ ಕಣೇ. ಡಬ್ಲ್ಯೂಪಿಎ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಡುತ್ತಿತ್ತು. ಈ ಚಿತ್ರಗಳಲ್ಲಿ ಹೆಚ್ಚಿನವನ್ನು ಮಾಡಿಸಿದ್ದು ಖಜಾನೆ ಇಲಾಖೆಯ ‘ಸೆಕ್ಷನ್’ ಅನ್ನೋ ಕಲಾ ವಿಭಾಗ. 1934ರಲ್ಲಿ ಶುರುವಾಗಿ 1943ರಲ್ಲಿ ಮುಚ್ಚಿತು. ಕಟ್ಟಡದ ಖರ್ಚಿನಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಕಲೆಗೆ. ಚಿತ್ರ ಆರಿಸಲು ಸ್ಪರ್ಧೆ ಇಟ್ಟು, ಕಲಾವಿದರ ಹೆಸರು ಮುಚ್ಚಿಟ್ಟು ಕರಡು ಚಿತ್ರ ನೋಡುತ್ತಿದ್ದರು. ಇಷ್ಟು ತಿಳಿಯದೆ ಬರೆಯಲು ಕೂರಬಾರದು.

ಈಗ ಮುಖ್ಯ ವಿಷಯ. ಚಿಕ್ಕ ಊರಿನ ಆ ಪೋಸ್ಟ್ ಆಫೀಸುಗಳಲ್ಲಿ ಲಾಬಿಯ ಒಂದು ತುದಿಗೆ ಪೋಸ್ಟ್ ಮಾಸ್ಟರರ ಬಾಗಿಲು. ಅದರ ಮೇಲಿನ ಗೋಡೆಯೇ ಸಾಮಾನ್ಯವಾಗಿ ಚಿತ್ರದ ಜಾಗ. ಸ್ಟಾಂಪಿಗೆ ಬಂದವರು, ಕಾಗದ ಬಂತಾ ಅಂತ ಕೇಳಲು ಬಂದವರು, ಎಲ್ಲರ ಕಣ್ಣಿಗೂ ದಿನಾ ಬೀಳುವ ಜಾಗ. ಅದಕ್ಕೇ ಊರವರಿಗೆ ಅಷ್ಟೊಂದು ಪ್ರೀತಿ, ಅಷ್ಟೊಂದು ಸಿಟ್ಟು.

ಅಮೆರಿಕದ ಐಡಾಹೊ ರಾಜ್ಯದ ಕೆಲಾಗ್ ಒಂದು ಗಣಿ ಊರು. 1939ರ ಸ್ಪರ್ಧೆಯಲ್ಲಿ ಅಲ್ಲಿಗೆ ಗೆದ್ದದ್ದು ಕಲಾವಿದ ಫ್ಲೆಚರ್ ಮಾರ್ಟಿನ್ ಅವರ ‘ಮೈನ್ ರೆಸ್ಕ್ಯೂ’ ಚಿತ್ರದ ಕರಡು. ಪೆಟ್ಟಾದ ಕೆಲಸಗಾರನನ್ನು ಜೊತೆಯವರು ಸ್ಟ್ರೆಚರ್ ಮೇಲೆ ಹೊತ್ತು ತರುತ್ತಿದ್ದಾರೆ. ಕೆಲಸಗಾರರ ಸಂಘ ಮೆಚ್ಚಿತು. ಊರಿನ ದೊಡ್ಡವರು ಒಪ್ಪಲಿಲ್ಲ. ಕೊನೆಗೆ 1941ರಲ್ಲಿ ಗೋಡೆಗೇರಿದ್ದು ಮಾರ್ಟಿನ್ ಅವರದೇ ಬೇರೆ ಚಿತ್ರ, ‘ಡಿಸ್ಕವರಿ’. ಅದರಲ್ಲಿರುವುದು ಅಲ್ಲಿ ಅದಿರು ಕಂಡ ನೋವಾ ಕೆಲಾಗ್, ಅವನ ಕತ್ತೆ.

ನೀನೇನು ಮಾಡಿದೆ? ಕತ್ತೆಗೆ ನಾಲ್ಕು ಪುಟ ಕೊಟ್ಟೆ, ಸ್ಟ್ರೆಚರಿಗೆ ಎರಡು ಸಾಲು. ಮೊದಲು ಸ್ಟ್ರೆಚರಿಗೂ ಎರಡು ಪುಟ ಇತ್ತಂತೆ, ಅಪಘಾತದ ಕಥೆ ಯಾರಿಗೆ ಬೇಕು ಅಂತ ಯಾರೋ ಅಂದರಂತೆ, ತೆಗೆದೆಯಂತೆ. ಈಗ ಎಲ್ಲರೂ ಹೊಗಳ್ತಾರೆ, ನಿನಗೇ ಓದಲು ಆಗ್ತಿಲ್ಲ. ಆಗೋದಾದರೂ ಹೇಗೆ ಹೇಳು?

ನನಗದು ಗೊತ್ತು. ನಿನ್ನ ವಯಸ್ಸಿನಲ್ಲಿ ಕಲ್ಲುಕ್ವಾರಿಯ ಮೇಲೆ ಒಂದು ಕಥೆ ಬರೆದಿದ್ದೆ. ಸಿಡಿಮದ್ದಿಗೆ ಕೈ ಕಳೆದುಕೊಂಡವನು ಎಡಗೈಯಲ್ಲಿ ಮುದ್ದೆ ಮುರಿಯಲು ಕಲಿಯುತ್ತಾನೆ. ಹಬ್ಬದ ಸಂಚಿಕೆಗೆ ಇದು ಬೇಡ, ಏನಾದರೂ ಖುಷಿಯದು ಕೊಡಿ ಅಂದರು ಸಂಪಾದಕರೊಬ್ಬರು. ಒಂದೇ ರಾತ್ರಿಯಲ್ಲಿ ಅದನ್ನು ಜಾತ್ರೆಯ ಕಥೆ ಮಾಡಿದೆ. ಅದನ್ನು ಮೆಚ್ಚಿ ಬಂದ ಕಾಗದಗಳು ಈಗಲೂ ಟ್ರಂಕಿನಲ್ಲಿವೆ. ಮೊದಲಿನ ಕಥೆ ಇಲ್ಲ. ನಾನೇ ಹರಿದು ಒಲೆಗೆ ಹಾಕಿದೆ. ಎಷ್ಟು ಸಲ ಬರೆಯಲು ಕೂತರೂ ಆ ಎಡಗೈ ಮತ್ತೆ ಸಿಗಲಿಲ್ಲ.

ಮಾರ್ಟಿನ್ ಅವರ ಸ್ಟ್ರೆಚರಿನ ಕರಡು ಉಳಿದಿದೆ, ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ. ನೀನು ತೆಗೆದ ಎರಡು ಪುಟ ಹರಿದಿಲ್ಲ ತಾನೇ? ಈ ವಾರವೇ ಕಳಿಸು. ಲೇಖನ ಆಮೇಲೆ ನೋಡೋಣ.

ನಿನ್ನ ಅಮ್ಮನಂಥವಳು