ನೂರಕ್ಕೆ ನೂರು ಕಾಟನ್ ಎಂದು ಕಳಿಸಿದ ನೈಟಿ ಬಟ್ಟೆ ಮತ್ತು ಬಣ್ಣ ಬಿಟ್ಟ ಮರೂನ್ ಬಟ್ಟೆಯ ಬಗ್ಗೆ ದೂರು

ಡೊಂಬಿವಲಿ ಪೂರ್ವ
ದಿನಾಂಕ: 2-2-2026

ದೂರು ಪರಿಹಾರ ಅಧಿಕಾರಿಗಳಿಗೆ,

ಮಾನ್ಯರೇ,

ಜನವರಿ 2ರಂದು ನಿಮ್ಮ ಆ್ಯಪ್‌ನಲ್ಲಿ ಎರಡು ಬಗೆಯ ಬಟ್ಟೆ ತರಿಸಿದ್ದೆ. ಮರೂನ್ ಕಾಟನ್ 10 ಮೀಟರ್, ಮೀಟರಿಗೆ 110 ರೂಪಾಯಿ. ನೈಟಿಗೆಂದು ಹೂವಿನ ಪ್ರಿಂಟಿನ ಕ್ಯಾಂಬ್ರಿಕ್ (ತೆಳು ಬಟ್ಟೆ) 30 ಮೀಟರ್, ಮೀಟರಿಗೆ 95. ಎರಡರ ಪನ್ನಾವೂ (ಬಟ್ಟೆಯ ಅಗಲ) 44 ಇಂಚು ಎಂದು ಬರೆದಿದ್ದಿರಿ. ಶೇ. 5 ಜಿಎಸ್‌ಟಿ, ಪಾರ್ಸೆಲ್ಲಿನ 150 ಸೇರಿ 4,297 ರೂಪಾಯಿ 50 ಪೈಸೆ ಕಟ್ಟಿದ್ದೇನೆ. 6ನೇ ತಾರೀಖು ಬಟ್ಟೆ ಕೈಸೇರಿತು. ಎರಡರಲ್ಲಿ ಒಂದೂ ನೀವು ಬರೆದ ಹಾಗಿಲ್ಲ.

ನಿಮ್ಮ ಆ್ಯಪ್ ಕನ್ನಡದಲ್ಲಿದೆ, ಫೋನ್ ಎತ್ತಿದ ಹುಡುಗಿಯೂ ಆರ್ಡರ್ ತೆಗೆದುಕೊಳ್ಳುವ ತನಕ ಚೆನ್ನಾಗಿಯೇ ಕನ್ನಡ ಮಾತಾಡಿದಳು. ಆದ್ದರಿಂದ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹದಿನಾರು ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಎರಡು ಮಷೀನು, ಒಂದು ಓವರ್‌ಲಾಕ್, ನಾನೊಬ್ಬಳೇ. ನೈಟಿ, ಲಂಗ, ದಿಂಬಿನ ಕವರ್, ಫಾಲ್ ಪಿಕೋ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದ ಮೇಲೆ ಬಟ್ಟೆ ಚೀಲದ ಕೆಲಸವೂ ಸೇರಿಕೊಂಡಿತು. ಬಟ್ಟೆ ಬೇಕಾದಾಗ ಲೋಕಲ್ ರೈಲು ಹಿಡಿದು ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದು ಮಂಗಳದಾಸ್ ಮಾರ್ಕೆಟ್‌ಗೆ ನಡೆದು ಹೋಗುವುದು ನನ್ನ ರೂಢಿ. ಅಲ್ಲಿ ಯಾರೂ ಬಾಯಿಮಾತು ನಂಬಿ ಬಟ್ಟೆ ತರುವುದಿಲ್ಲ. ಥಾನು (ಸುತ್ತಿಟ್ಟ ಇಡೀ ಬಟ್ಟೆ) ಬಿಚ್ಚಿಸಿ ಬೆಳಕಿಗೆ ಹಿಡಿದು ನೇಯ್ಗೆ ಎಷ್ಟು ಒತ್ತಾಗಿದೆ ನೋಡುತ್ತೇವೆ. ಎರಡು ಬೆರಳಲ್ಲಿ ತಿಕ್ಕಿ ಗಂಜಿಪುಡಿ ಉದುರುತ್ತದೆಯೇ ನೋಡುತ್ತೇವೆ. ಟೇಪು ಹಿಡಿದು ಪನ್ನಾ ಅಳೆಯುತ್ತೇವೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ನಿಜವಾದ ಕಾಟನ್ ಸುಕ್ಕುಗಟ್ಟಿ ಕೂರುತ್ತದೆ, ಪಾಲಿಸ್ಟರ್ ಬೆರೆತದ್ದು ಏನೂ ಆಗಿಲ್ಲವೆಂಬಂತೆ ಬಿಚ್ಚಿಕೊಳ್ಳುತ್ತದೆ. ಈ ಸಲ ಮಂಡಿನೋವಿನಿಂದ ಸ್ಟೇಷನ್ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ನನ್ನ ಬೆರಳು ನೋಡಬೇಕಾದ್ದನ್ನೆಲ್ಲ ನಿಮ್ಮ ನಾಲ್ಕು ಸಾಲಿನ ವಿವರಕ್ಕೆ ಬಿಟ್ಟೆ. ‘100% ಕಾಟನ್, 44 ಇಂಚು, ರಿಯಾಕ್ಟಿವ್ ಬಣ್ಣ, ಬಣ್ಣ ಗ್ಯಾರಂಟಿ’ ಎಂದಿತ್ತು. ಬಟ್ಟೆ ಮುಟ್ಟದೆ ಕೊಳ್ಳುವವರಿಗೆ ಅಷ್ಟೇ ಆಧಾರ.

ಮೊದಲು ಮರೂನಿನ ಕಥೆ. ನಮ್ಮ ಕಟ್ಟಡದ ಮೂರನೇ ಮಾಳಿಗೆಯ ವೈನಿ (ಮರಾಠಿಯಲ್ಲಿ ಅತ್ತಿಗೆ) ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಬಂದವರಿಗೆ ವಾಣ (ಕಾಣಿಕೆ) ಕೊಡಲು 60 ಸಂಚಿ ಹೇಳಿದ್ದರು. ದಾರ ಎಳೆದರೆ ಬಾಯಿ ಮುಚ್ಚುವ ಸಾದಾ ಸಂಚಿ, ಒಳಗೆ ಬಿಳಿ ಅಸ್ತರ. ಒಂದೊಂದಕ್ಕೆ 11 ಇಂಚು ಅಗಲ, 26 ಇಂಚು ಉದ್ದ. ಪನ್ನಾದಲ್ಲಿ ನಾಲ್ಕು ಕೂರುತ್ತವೆ, ಹದಿನೈದು ಸಾಲಿಗೆ 10 ಮೀಟರ್ ಸರಿಹೋಗುತ್ತದೆ. ಮರೂನಿನ ಪನ್ನಾ ಸರಿಯಾಗಿಯೇ ಇತ್ತು, ಇದ್ದದ್ದನ್ನು ಹೇಳಬೇಕು. ನನ್ನದೂ ಒಂದು ತಪ್ಪಿದೆ. ಗಾಢ ಬಣ್ಣದ ಬಟ್ಟೆಯನ್ನು ನಾನು ನೀರಿಗೆ ಹಾಕದೆ ಕತ್ತರಿಸುವವಳಲ್ಲ, ಆದರೆ ಹಬ್ಬಕ್ಕೆ ಎಂಟೇ ದಿನ ಉಳಿದಿತ್ತು, ನಿಮ್ಮ ಗ್ಯಾರಂಟಿ ಓದಿ ನೇರ ಕತ್ತರಿ ಇಟ್ಟೆ. ಹೊಲಿದು ಮುಗಿಸಿ ನೀರು ಚಿಮುಕಿಸಿ ಇಸ್ತ್ರಿ ಮಾಡುವಾಗ ಅಸ್ತರದ ಮೇಲೆ ಗುಲಾಬಿ ಮಚ್ಚೆ ಎದ್ದವು. ನನಗೆ ಅದು ಗೊತ್ತಾಗುವಷ್ಟರಲ್ಲಿ 14 ಸಂಚಿ ಹಾಳಾಗಿದ್ದವು. ಉಳಿದ 46ಕ್ಕೆ ಒಣ ಇಸ್ತ್ರಿ ಹಾಕಿದೆ. ಆ 14ರ ಬದಲಿಗೆ ಇಲ್ಲಿಯ ಅಂಗಡಿಯಿಂದ ಬೇರೆ ಬಟ್ಟೆ, ಅಸ್ತರ ತಂದು ರಾತ್ರಿ ಕೂತು ಹೊಲಿದೆ. ಅದಕ್ಕೆ 620 ರೂಪಾಯಿ ಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರೊಬ್ಬರು ತೊಳೆದ ಬಾರೆಹಣ್ಣು, ಕಬ್ಬಿನ ತುಂಡುಗಳನ್ನು ಅದೇ ಸಂಚಿಗೆ ಹಾಕಿಕೊಂಡು ಸೊಂಟಕ್ಕೆ ಆನಿಸಿಕೊಂಡು ಹೋದರಂತೆ. ಮನೆ ಮುಟ್ಟುವಷ್ಟರಲ್ಲಿ ಅವರ ಕೆನೆಬಣ್ಣದ ಸೀರೆಗೆ ಅಂಗೈ ಅಗಲದ ಕೆಂಪು ಹತ್ತಿತ್ತು. ವೈನಿ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಉಳಿದ ಚೂರುಗಳನ್ನು ತಣ್ಣೀರಿಗೆ ಹಾಕಿ ನೋಡಿದೆ. ಮೊದಲ ನೀರು ಬೀಟ್‌ರೂಟ್ ಸಾರಿನಂತಾಯಿತು. ಗಾಢ ಬಣ್ಣ ಮೊದಲ ಸಲ ಸ್ವಲ್ಪ ಬಿಡುವುದು ನನಗೆ ಹೊಸತಲ್ಲ, ಎಳೆಗೆ ಹತ್ತದೆ ಮೇಲೆ ಉಳಿದ ಬಣ್ಣ ಅದು. ಆದರೆ ಮೂರನೇ ನೀರೂ ಕೆಂಪಗೇ ಇತ್ತು. ಒದ್ದೆ ಬಿಳಿ ಚಿಂದಿಯಿಂದ ಹತ್ತು ಸಲ ಉಜ್ಜಿದರೆ ಚಿಂದಿ ಕೆಂಪಾಯಿತು. ರಿಯಾಕ್ಟಿವ್ ಬಣ್ಣ ಹತ್ತಿಯ ಎಳೆಯ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಸರಿಯಾಗಿ ಹಾಕಿ ಸರಿಯಾಗಿ ತೊಳೆದಿದ್ದರೆ ಮೂರನೇ ನೀರಿಗೆ ಹೀಗೆ ಸುರಿಯುವುದಿಲ್ಲ. ಒಂದೋ ಹಾಕಿದ್ದು ಬೇರೆ ಬಣ್ಣ, ಇಲ್ಲವೇ ತೊಳೆಯದೆ ಮಡಚಿ ಕಳಿಸಿದ್ದೀರಿ.

ಇನ್ನು ನೈಟಿ ಬಟ್ಟೆ. ಇದಕ್ಕೆ ಮಾತ್ರ ಆತುರಪಡಲಿಲ್ಲ. ಅರ್ಧ ಮೀಟರ್ ಕತ್ತರಿಸಿ, ಅದರ ಮೇಲೆ ಅಂಚಿನಿಂದ ಒಳಗೆ ಪೆನ್ಸಿಲಿನಿಂದ 40 ಸೆಂಟಿಮೀಟರ್ ಚೌಕ ಎಳೆದು ರಾತ್ರಿಯೆಲ್ಲ ನೆನೆಸಿಟ್ಟೆ. ಬೆಳಿಗ್ಗೆ ಹಗ್ಗಕ್ಕೆ ಹಾಕಿದರೆ ಒಂದು ತಾಸಿನೊಳಗೆ ಒಣಗಿತು. ಅಳೆದರೆ 40ಕ್ಕೆ 40. ಬೇರೆಯವರು ಸಂತೋಷಪಡುತ್ತಿದ್ದರು, ನನಗೆ ಸಂಶಯ ಬಂತು. ಹತ್ತಿ ಬಟ್ಟೆ ಸಾಮಾನ್ಯವಾಗಿ ಮೊದಲ ನೀರಿಗೆ ಒಂದಿಷ್ಟಾದರೂ ಕುಗ್ಗುತ್ತದೆ. ಅಷ್ಟು ಬೇಗ ಒಣಗಲೂಬಾರದು.

ಉದ್ದಕ್ಕಿರುವ ಹಾಸಿನಿಂದ ಐದು ಎಳೆ, ಅಡ್ಡಕ್ಕಿರುವ ಹೊಕ್ಕಿನಿಂದ ಐದು ಎಳೆ ಬಿಡಿಸಿ ಚಿಮ್ಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯಬೇಕು. ಇಲ್ಲಿ ಮೊದಲು ಕಾಗದದ ವಾಸನೆ ಬಂತು, ಹಿಂದೆಯೇ ಪ್ಲಾಸ್ಟಿಕ್ ಸುಟ್ಟದ್ದು. ಎಳೆ ಜ್ವಾಲೆಯಿಂದ ಹಿಂದಕ್ಕೆ ಮುದುಡಿ, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕರಿ ಗುಂಡು ಕೂತಿತು. ಉಗುರಿನಿಂದ ಒತ್ತಿದರೂ ಒಡೆಯಲಿಲ್ಲ. ಎರಡೂ ದಿಕ್ಕಿನ ಎಳೆಯಲ್ಲಿ ಹೀಗೇ. ಇದು ಪಾಲಿಸ್ಟರ್ ಬೆರೆತ ನೂಲು. ಮರೂನನ್ನೂ ಹೀಗೇ ಸುಟ್ಟು ನೋಡಿದೆ, ಅದು ಹತ್ತಿಯೇ.

ಬೆರಕೆ ಬಟ್ಟೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಶಾಲೆಯ ಯೂನಿಫಾರ್ಮಿಗೆ, ಟೇಬಲ್ ಕ್ಲಾತಿಗೆ ನಾನೇ ಕೇಳಿ ತರುತ್ತೇನೆ, ಸುಕ್ಕಾಗುವುದಿಲ್ಲ, ಬಾಳಿಕೆ ಬರುತ್ತದೆ. ಆದರೆ ನೈಟಿಗೆ ಬೇಡ. ಮುಂಬೈಯ ಸೆಕೆಯಲ್ಲಿ ಬೆವರು ಹೀರದ ಬಟ್ಟೆ ಮೈಗೆ ಅಂಟುತ್ತದೆ. ಅದಕ್ಕಿಂತ ದೊಡ್ಡ ಮಾತು, ನೈಟಿ ಉಟ್ಟುಕೊಂಡೇ ನಮ್ಮ ಹೆಂಗಸರು ಬೆಳಿಗ್ಗೆ ಗ್ಯಾಸ್ ಮುಂದೆ ನಿಲ್ಲುವುದು. ಬೆಂಕಿ ತಾಗಿದರೆ ಕಾಟನ್ನೂ ಉರಿಯುತ್ತದೆ, ಆದರೆ ಪಾಲಿಸ್ಟರ್ ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ನಿಮ್ಮ ಮಾತು ನಂಬಿ ಕಾಟನ್ ಎಂದು ಹೇಳಿ ನಾನು ಮಾರಿದ್ದರೆ ಆ ಪಾಪ ಯಾರ ತಲೆಗೆ?

ಪನ್ನಾವೂ ಕಮ್ಮಿ. ಮೂರು ಕಡೆ ಅಳೆದೆ, ಎಲ್ಲೂ 41 ಇಂಚೂವರೆಗಿಂತ ಹೆಚ್ಚಿಲ್ಲ. 30 ಮೀಟರಿಗೆ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ 1.7 ಮೀಟರ್ ಬಟ್ಟೆ ನನಗೆ ಬಂದೇ ಇಲ್ಲ. 44 ಇದ್ದರೆ ಪಕ್ಕದಲ್ಲಿ ಉಳಿಯುವ ಜಾಗದಲ್ಲಿ ತೋಳು ಹೊರಡುತ್ತದೆ, ಒಂದು ನೈಟಿಗೆ 3 ಮೀಟರ್ ಸಾಕು. ಇದರಲ್ಲಿ ತೋಳಿಗೆ ಬೇರೆ ಕಾಲು ಮೀಟರ್ ಬೇಕು. ಹತ್ತು ನೈಟಿಯ ಬಟ್ಟೆಯಲ್ಲಿ ಒಂಬತ್ತೇ ಆಗುತ್ತವೆ.

ಜನವರಿ 12ರಂದು ಆ್ಯಪ್‌ನಲ್ಲೇ ಫೋಟೋ ಸಮೇತ ದೂರು ಹಾಕಿದೆ. ಐದು ದಿನ ಬಿಟ್ಟು ಉತ್ತರ ಬಂತು: ‘ಸ್ಕ್ರೀನಿನಲ್ಲಿ ಕಾಣುವ ಬಣ್ಣಕ್ಕೂ ನಿಜವಾದ ಬಣ್ಣಕ್ಕೂ ಸ್ವಲ್ಪ ವ್ಯತ್ಯಾಸ ಇರಬಹುದು.’ ನಾನು ಆ ದೂರು ಕೊಟ್ಟೇ ಇರಲಿಲ್ಲ. 19ರಂದು ಮತ್ತೆ ಬರೆದದ್ದಕ್ಕೆ, ‘ಕತ್ತರಿಸಿದ ಬಟ್ಟೆ ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದಿರಿ. ಕತ್ತರಿಸದೆ ಹೊಲಿಯುವ ವಿದ್ಯೆ ನನಗೆ ಗೊತ್ತಿಲ್ಲ ಸ್ವಾಮಿ. ಥಾನಿನಿಂದ ಕತ್ತರಿಸಿಯೇ ನೀವೂ ಕಳಿಸಿದ್ದು.

ಫೋನಿನಲ್ಲಿ ನಿಮ್ಮವರು, ‘ನೀವು ಅಂಗಡಿಯವರು, ಗ್ರಾಹಕರಲ್ಲ’ ಎಂದೂ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಅವರಿಗೆ ಒಮ್ಮೆ ತೋರಿಸಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಷ್ಟೇ ವಸ್ತು ಕೊಂಡು ಬಳಸುವವರನ್ನು ಅದು ವಾಣಿಜ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲನೆಯದು ಆಗಲೇ ತಪ್ಪಿದೆ. ಎರಡನೆಯದಕ್ಕೆ ಫೆಬ್ರವರಿ 12ರವರೆಗೆ ಸಮಯವಿದೆ.

ಕಟ್ಟಿದ 4,297 ರೂಪಾಯಿ 50 ಪೈಸೆ, ಸಂಚಿ ಮತ್ತೆ ಹೊಲಿಯಲು ಆದ 620 ರೂಪಾಯಿ ನನಗೆ ವಾಪಸ್ ಬರಬೇಕು. ರಾತ್ರಿ ಕೂತ ಕೂಲಿ ಕೇಳುತ್ತಿಲ್ಲ. ಇವತ್ತು ಬೆಳಿಗ್ಗೆ ನೋಡಿದೆ, ಆ ಕ್ಯಾಂಬ್ರಿಕ್ ಇನ್ನೂ ‘100% ಕಾಟನ್, 44 ಇಂಚು’ ಎಂದೇ ಮಾರಾಟಕ್ಕಿದೆ. ಅದನ್ನು ದುಡ್ಡು ಕಳಿಸುವ ಮೊದಲೇ ತಿದ್ದಿ. ಇವೆರಡೂ 12ರೊಳಗೆ ಆಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ.

ಬಿಲ್ಲಿನ ಪ್ರತಿ, ಎರಡೂ ಬಟ್ಟೆಯ ಅಂಗೈಯಷ್ಟು ತುಂಡು, ಕೆಂಪಾದ ಒಂದು ಅಸ್ತರ ಇದರ ಜೊತೆಗಿವೆ. ಕರಿ ಗುಂಡು ಕೂತ ಎಳೆಗಳನ್ನು ಸಣ್ಣ ಪೊಟ್ಟಣದಲ್ಲಿ ಅಂಟಿಸಿದ್ದೇನೆ, ತೆರೆಯುವಾಗ ಬೀಳಿಸಬೇಡಿ. ಉಳಿದ 29 ಮೀಟರೂವರೆ ಕ್ಯಾಂಬ್ರಿಕ್ ಮಡಚಿಟ್ಟಿದ್ದೇನೆ, ಪಾರ್ಸೆಲ್‌ನವರನ್ನು ಕಳಿಸಿ ಒಯ್ಯಿರಿ. ಸೋಮವಾರ ಅಂಗಡಿ ಮುಚ್ಚಿರುತ್ತದೆ, ಅವತ್ತು ಬೇಡ.

ಇಂತಿ,
ಹೊಲಿಗೆ ಅಂಗಡಿಯವಳು, ಡೊಂಬಿವಲಿ ಪೂರ್ವ