ಸೇಫ್ಟಿ ಬೋಟು ಮತ್ತೆ ಓಡುತ್ತಿದೆ, ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ

ಮಕ್ಕಳ ಹಾಯಿದೋಣಿ ಮಗುಚಿದರೆ ಕಾಪಾಡಲು ಇಟ್ಟುಕೊಂಡ ನಮ್ಮ ಸೇಫ್ಟಿ ಬೋಟು ಕನ್ನಂಬಾಡಿ ಹಿನ್ನೀರಿನಲ್ಲಿ ಮತ್ತೆ ಓಡುತ್ತಿದೆ. ಗೇರ್ ಹಾಕಿದ ತಕ್ಷಣ ಮುಂದಕ್ಕೆ ಹೋಗುತ್ತದೆ, ರಿವರ್ಸ್ ಹಾಕಿದರೆ ಗಟ್ಟಿಯಾಗಿ ಹಿಡಿಯುತ್ತದೆ, ತಳದಲ್ಲಿ ಒಂದು ಹನಿ ಕೆಂಪು ಆಯಿಲ್ ಇಲ್ಲ. ನಿಂತುಹೋಗಿದ್ದ ಮಕ್ಕಳ ಹಾಯಿದೋಣಿ ಕ್ಲಾಸು ಹೋದ ಭಾನುವಾರ ಮತ್ತೆ ಶುರುವಾಯಿತು. ಇದಕ್ಕೆ ಯಾರ್ಯಾರು ಕಷ್ಟಪಟ್ಟರು ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಬಹಳ ಜನ ಹೇಳಿದ್ದಾರೆ, ಹಾಕುವುದಿಲ್ಲ. ಓದಿದರೆ ಅವರಿಗೇ ತಿಳಿಯುತ್ತದೆ.

ನಮ್ಮದು ಹಳೆಯ ಇನ್‌ಬೋರ್ಡ್ ಬೋಟು. ಅಂದರೆ ಇಂಜಿನ್ ಬೋಟಿನ ಹೊಟ್ಟೆಯೊಳಗೇ ಇರುತ್ತದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಒಂದು ಶಾಫ್ಟು ತಳದ ಮೂಲಕ ಹೊರಗೆ ಹೋಗಿ ಪ್ರೊಪೆಲ್ಲರ್ ತಿರುಗಿಸುತ್ತದೆ. ಗೇರ್‌ಬಾಕ್ಸ್ ಬೋರ್ಗ್ ವಾರ್ನರ್ ಕಂಪನಿಯ ವೆಲ್ವೆಟ್ ಡ್ರೈವ್. ಆಟೋಮ್ಯಾಟಿಕ್ ಕಾರಿಗೆ ಹಾಕುತ್ತಾರಲ್ಲ, ಅಂಥದೇ ಕೆಂಪು ಎಟಿಎಫ್ ಆಯಿಲ್ ಇದಕ್ಕೂ ಬೇಕು. ಒಳಗಿನ ಪಂಪು ಆ ಆಯಿಲ್‌ಗೆ ಒತ್ತಡ ಕೊಡುತ್ತದೆ, ಆ ಒತ್ತಡವೇ ಕ್ಲಚ್ ಪ್ಲೇಟುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸೋರಿ ಸೋರಿ ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟು ಜಾರುತ್ತದೆ, ಜಾರಿದರೆ ಬಿಸಿ, ಆ ಬಿಸಿಗೆ ಒಳಗಿನ ಸೀಲುಗಳು ಗಟ್ಟಿಯಾಗಿ ಇನ್ನೂ ಜಾಸ್ತಿ ಸೋರುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವ ಕಾಯಿಲೆ ಅಲ್ಲ ಇದು.

ಆಷಾಢದ ಗಾಳಿ ಹಿನ್ನೀರಿನ ಮೇಲೆ ಹೇಗೆ ಬೀಸುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ಮಧ್ಯಾಹ್ನ ಇಬ್ಬರು ಮಕ್ಕಳ ದೋಣಿ ಮಗುಚಿತು. ನಾವು ಹೊರಟೆವು. ಇಂಜಿನ್ ಕೂಗುತ್ತಿದೆ, ಬೋಟು ಮಾತ್ರ ಇದ್ದಲ್ಲೇ ಇದೆ. ಲೈಫ್ ಜಾಕೆಟ್ ಇದ್ದವು, ಮಕ್ಕಳು ದೋಣಿ ಹಿಡಿದುಕೊಂಡಿದ್ದರು, ಅದು ಸರಿ. ಆದರೆ ಅವರನ್ನು ದಡಕ್ಕೆ ತಂದವರು ಅಲ್ಲೇ ಬಲೆ ಬಿಟ್ಟುಕೊಂಡಿದ್ದ ಅಣ್ಣತಮ್ಮಂದಿರು. ಬಲೆಯನ್ನು ಹಾಗೇ ಬಿಟ್ಟು ತೆಪ್ಪದಲ್ಲಿ ಬಂದರು. ಮಕ್ಕಳಿಗೆ ತಮ್ಮ ಟವೆಲ್ ಹೊದಿಸಿ ಕೂರಿಸಿದರು, ಆಮೇಲೆ ನಮ್ಮ ಬೋಟಿಗೂ ಹಗ್ಗ ಕಟ್ಟಿ ಎಳೆಸಿದರು. ಅಣ್ಣಂದಿರೇ, ನಿಮ್ಮ ಋಣ ತೀರಿಸುವುದಕ್ಕೆ ಆಗುವುದಿಲ್ಲ. ಎಲ್ಲರಿಗಿಂತ ಮೊದಲ ನಮಸ್ಕಾರ ನಿಮಗೆ.

ಆಮೇಲೆ ಕೇಳಿದ ಕಡೆಯೆಲ್ಲ ಒಂದೇ ಉತ್ತರ. ಗೇರ್‌ಬಾಕ್ಸ್ ಹಳೇದು, ಗುಜರಿಗೆ ಹಾಕಿ, ಬೋಟಿನ ಹಿಂದೆ ಹೊರಗೆ ಕೂರುವ ಇಂಜಿನ್, ಅಂದರೆ ಒಂದು ಔಟ್‌ಬೋರ್ಡ್ ನೇತುಹಾಕಿಕೊಳ್ಳಿ. ಹೊಸ ಔಟ್‌ಬೋರ್ಡ್‌ಗೆ ನಮ್ಮ ಹತ್ತಿರ ದುಡ್ಡು ಎಲ್ಲಿತ್ತು? ಆಗ ಒಬ್ಬ ಪೋಷಕರು ಯಾದವಗಿರಿಯ ಯಜಮಾನ್ರನ್ನು ಕರೆತಂದರು. 1996ರಲ್ಲಿ ಮುಚ್ಚುವ ತನಕ ಅಲ್ಲಿನ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಬೋಟಿನ ಗೇರ್‌ಬಾಕ್ಸ್ ಅವರಿಗೂ ಹೊಸದು. ಕ್ಲಚ್ ಹೊಸದಲ್ಲ.

ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. "ಬಿಚ್ಚೋದು ಇದ್ದೇ ಇದೆ ಕಣಪ್ಪ, ಮೊದಲು ಅದು ಏನ್ ಹೇಳುತ್ತೆ ಕೇಳೋಣ" ಅಂದರು. ಗೇರ್‌ಬಾಕ್ಸನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಸಿದರು. ಒಣಗಿದ ಮೇಲೆ ಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿದರು. ಬಿಳಿ ಪೌಡರ್ ಮೇಲೆ ಸಣ್ಣ ಕೆಂಪು ಗೆರೆ ನಿಧಾನಕ್ಕೆ ಇಳಿಯಿತು. ಹಿಂಭಾಗದಲ್ಲಿ, ಶಾಫ್ಟು ಜೋಡಿಸುವ ಕಪ್ಲಿಂಗ್ ಹತ್ತಿರ. ಸೋರುವ ಜಾಗ ಸಿಕ್ಕಿತು. ಆಯಿಲ್ ಗುಲಾಬಿ ಹಾಲಿನ ಥರ ಆಗಿದೆಯಾ ಅಂತಲೂ ನೋಡಿದರು. ಹಾಗಿದ್ದರೆ ಆಯಿಲ್ ತಣಿಸುವ ಕೂಲರ್ ತೂತಾಗಿ ನೀರು ಸೇರುತ್ತಿದೆ ಅಂತ ಅರ್ಥ. ಪುಣ್ಯಕ್ಕೆ ಆಗಿರಲಿಲ್ಲ.

ಆಮೇಲೆ ಗೇರ್ ಕೇಬಲ್ ಕಳಚಿ, ಲಿವರನ್ನು ಕೈಯಲ್ಲೇ ತಳ್ಳಿ ನೋಡಿದರು. ಈ ಗೇರ್‌ಬಾಕ್ಸ್‌ನಲ್ಲಿ ಲಿವರ್ ಅದರ ಗುಳಿಗೆ ಪೂರ್ತಿ ಹೋಗಿ ಕೂರಬೇಕು. ಸ್ವಲ್ಪ ಹಿಂದೆ ನಿಂತರೂ ಕ್ಲಚ್‌ಗೆ ಪೂರ್ತಿ ಒತ್ತಡ ಸಿಗುವುದಿಲ್ಲ, ಜಾರುತ್ತದೆ, ಸುಡುತ್ತದೆ. ನಮ್ಮ ಕೇಬಲ್ ಸವೆದು ಲಿವರನ್ನು ಅರ್ಧದಲ್ಲೇ ನಿಲ್ಲಿಸುತ್ತಿತ್ತು. ಅದನ್ನು ಸರಿ ಮಾಡಿದ ಮೇಲೆ ಜಾರುವುದು ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಆಗ ಮಾತ್ರ ಅವರು "ಈಗ ಬಿಚ್ಚಿ" ಅಂದರು. ಕೇಬಲ್ ನೋಡದೆ ಕ್ಲಚ್ ಬದಲಾಯಿಸಿದ್ದರೆ ಹೊಸ ಪ್ಲೇಟುಗಳೂ ಸುಟ್ಟುಹೋಗುತ್ತಿದ್ದವು, ಅಲ್ವಾ? ಯಜಮಾನ್ರೇ, ನಿಮ್ಮ ತಾಳ್ಮೆಯೇ ಈ ಬೋಟನ್ನು ಉಳಿಸಿದ್ದು.

ಇಳಿಸುವುದು ದೊಡ್ಡ ಕೆಲಸ. ಕಪ್ಲಿಂಗ್ ಬಿಚ್ಚಿ, ಶಾಫ್ಟನ್ನು ಹಿಂದಕ್ಕೆ ಸರಿಸಿ, ಆಮೇಲೆ ಇಡೀ ಗೇರ್‌ಬಾಕ್ಸನ್ನು ಮೇಲಕ್ಕೆ ಎತ್ತಬೇಕು. ಊರಿನ ಹುಡುಗರು ಮೂರು ಬಿದಿರು ಕಟ್ಟಿ, ಅದಕ್ಕೆ ಚೈನ್ ಪುಲ್ಲಿ ಹಾಕಿ ಎತ್ತಿಕೊಟ್ಟರು. ಕಬ್ಬು ಕಡಿಯುವ ಕೆಲಸ ಬಿಟ್ಟು ಬಂದಿದ್ದರು, ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಪಕ್ಕದ ಮನೆಯ ಅಕ್ಕ ಅಷ್ಟೂ ಜನಕ್ಕೆ ಮುದ್ದೆ, ಬಸ್ಸಾರು ಬಡಿಸಿದರು. ಅಕ್ಕಾ, ಮಳೆಯಲ್ಲಿ ನೆನೆದು ಬಂದವರಿಗೆ ಆ ಊಟ ಎಷ್ಟು ಹಿತವಾಗಿತ್ತು ಅಂತ ನಿಮಗೆ ಅವತ್ತು ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಒಳಗೆ ಸ್ಟೀಲ್ ಪ್ಲೇಟುಗಳು ಬಿಸಿಗೆ ನೀಲಿ ತಿರುಗಿದ್ದವು. ಕ್ಲಚ್ ಪಿಸ್ಟನ್ನಿನ ರಬ್ಬರ್ ಸೀಲು ಉಗುರು ತಾಗಿದರೆ ಪುಡಿಯಾಗುತ್ತಿತ್ತು. ಒತ್ತಡ ಹೋಗುತ್ತಿದ್ದದ್ದು ಅಲ್ಲಿಂದಲೇ. ಹೊಸ ಪ್ಲೇಟು, ಸೀಲುಗಳ ಸೆಟ್ ಮೈಸೂರಿನಲ್ಲಿ ಸಿಗಲಿಲ್ಲ. ಮಂಗಳೂರು ದಕ್ಕೆಯಲ್ಲಿ ಟ್ರಾಲ್ ಬೋಟು ರಿಪೇರಿ ಮಾಡುವ ಒಬ್ಬರು ನಮ್ಮ ಮುಖ ನೋಡಿದವರಲ್ಲ. ಫೋಟೋ ನೋಡಿ ಸಾಮಾನು ಹುಡುಕಿಸಿ, ದುಡ್ಡು ಕೈಸೇರುವ ಮೊದಲೇ ಮೈಸೂರು ಬಸ್ಸಿಗೆ ಹಾಕಿಬಿಟ್ಟರು. ಫೋನಿನಲ್ಲಿ ಇನ್ನೊಂದು ಮಾತನ್ನೂ ಹೇಳಿದರು. "ಪಂಪಿನ ಮೇಲೆ ಬಾಣದ ಗುರುತು ಉಂಟು, ಬಿಚ್ಚುವ ಮೊದಲು ಫೋಟೋ ತೆಗೀರಿ ಮಾರಾಯ್ರೆ, ತಿರುಗಿಸಿ ಕೂರಿಸಿದ್ರೆ ಪ್ರೆಶರ್ ಬರುವುದೇ ಇಲ್ಲ." ಹೊಸ ಪ್ಲೇಟುಗಳನ್ನು ಎಟಿಎಫ್‌ನಲ್ಲಿ ನೆನೆಸಿಯೇ ಜೋಡಿಸಿ, ಕೂಲರನ್ನೂ ಪೈಪುಗಳನ್ನೂ ತೊಳೆಯದೆ ಹೊಸ ಆಯಿಲ್ ಹಾಕಬೇಡಿ, ಸುಟ್ಟ ಕ್ಲಚ್ಚಿನ ಪುಡಿ ಅಲ್ಲೇ ಕೂತಿರುತ್ತದೆ ಅಂತಲೂ ಹೇಳಿದರು. ಅಷ್ಟನ್ನೂ ಹಾಗೇ ಮಾಡಿದೆವು.

ಹಿಂಭಾಗದಲ್ಲಿ ಕಪ್ಲಿಂಗ್ ಹತ್ತಿರದ ಸೀಲಿಗೆ ಇನ್ನೊಂದು ತೊಂದರೆ ಇತ್ತು. ಹಳೆಯ ಸೀಲು ಉಜ್ಜಿ ಉಜ್ಜಿ ಲೋಹದ ಮೇಲೆ ಗೀರು ಬಿದ್ದಿತ್ತು. ಅದರ ಮೇಲೆ ಎಂಥ ಹೊಸ ಸೀಲು ಹಾಕಿದರೂ ಸೋರುತ್ತದೆ. ಬನ್ನಿಮಂಟಪದ ಕಡೆಯ ಲೇತ್ ಭಾಯ್ ಅದಕ್ಕೆ ತೆಳುವಾದ ಸ್ಲೀವ್, ಅಂದರೆ ಲೋಹದ ಬಳೆ, ಕೂರಿಸಿ ಕನ್ನಡಿ ಥರ ಪಾಲಿಶ್ ಮಾಡಿಕೊಟ್ಟರು. ಬಿಸಿ ತಡೆಯುವ ವೈಟಾನ್ ಸೀಲೇ ಹಾಕಿ ಅಂತ ಅಳತೆ ಬರೆದುಕೊಟ್ಟವರೂ ಅವರೇ. ಭಾಯ್, ಶುಕ್ರಿಯಾ.

ಕೊನೆಯ ಕೆಲಸ ಅಲೈನ್‌ಮೆಂಟ್. ಅಂದರೆ ಗೇರ್‌ಬಾಕ್ಸೂ ಶಾಫ್ಟೂ ಒಂದೇ ನೇರಕ್ಕೆ ಬರುವಂತೆ ಕೂರಿಸುವುದು. ಇದನ್ನು ದಡದಲ್ಲಿ ಮಾಡಬಾರದು, ಬೋಟು ನೀರಿಗೆ ಇಳಿದ ಮೇಲೆ ಅದರ ಮೈ ಸ್ವಲ್ಪ ಬದಲಾಗುತ್ತದೆ. ಕಪ್ಲಿಂಗಿನ ಎರಡು ಮುಖಗಳ ನಡುವೆ ಸುತ್ತಲೂ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ಹಾಕಿ ನೋಡಬೇಕು, ವ್ಯತ್ಯಾಸ 0.003 ಇಂಚು ದಾಟಬಾರದು. ದಾಟಿದರೆ ಹೊಸ ಸೀಲು ಬೇಗ ಸವೆಯುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬನ ಅಕ್ಕ, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಹುಡುಗಿ, ಬೋಟಿನ ಹೊಟ್ಟೆಯಲ್ಲಿ ಮಲಗಿಕೊಂಡು ಇಂಜಿನ್ ಮೌಂಟಿನ ನಟ್ಟುಗಳನ್ನು ಒಂದು ಕೂದಲೆಳೆ ಈ ಕಡೆ, ಒಂದು ಕೂದಲೆಳೆ ಆ ಕಡೆ ತಿರುಗಿಸಿ ಅದನ್ನು ಸಾಧಿಸಿದಳು. ಯಜಮಾನ್ರು ಗೇಜ್ ಇಸಕೊಂಡು ತಾವೂ ಒಮ್ಮೆ ನೋಡಿ, "ಇದಕ್ಕಿಂತ ಚೆನ್ನಾಗಿ ನನಗೆ ಬರಲ್ಲಮ್ಮ" ಅಂದರು. ನಮಗೆಲ್ಲ ಅದೇ ಸರ್ಟಿಫಿಕೇಟು.

ಕ್ಲಾಸು ನಿಂತಿದ್ದಾಗಲೂ ಫೀಸು ವಾಪಸ್ ಕೇಳದ ಪೋಷಕರಿಗೆ, ಬಸ್ ಸ್ಟ್ಯಾಂಡಿನಿಂದ ಪಾರ್ಸಲ್ ತಂದುಕೊಟ್ಟ ಗೆಳೆಯನಿಗೆ, ಮನೆ ನಡೆಸುವ ಭಾರವನ್ನು ಒಬ್ಬಳೇ ಹೊತ್ತ ನನ್ನ ಹೆಂಡತಿಗೆ ತುಂಬಾ ಥ್ಯಾಂಕ್ಸ್.

ಮಂಗಳೂರಿನಿಂದ ಬಂದದ್ದರಲ್ಲಿ ಒಂದು ಸೀಲ್ ಸೆಟ್ ಉಳಿದಿದೆ, ಸ್ಲೀವಿನ ಅಳತೆಯೂ ನಮ್ಮ ಪುಸ್ತಕದಲ್ಲಿ ಇದೆ. ಈ ಗೇರ್‌ಬಾಕ್ಸ್ ಇರುವವರು ಯಾರಾದರೂ ಕಷ್ಟದಲ್ಲಿದ್ದರೆ ಕೇಳಿ, ಸುಮ್ನೆ ಕೊಡುತ್ತೇವೆ. ಕೈಸಹಾಯ ಬೇಕಿದ್ದರೆ ಬರುತ್ತೇವೆ. ಯಜಮಾನ್ರೂ ಬರುತ್ತೇನೆ ಅಂದಿದ್ದಾರೆ.