ಫೋನಿಗೆ ಸಿಗಲಿಲ್ಲ ಅಂತ ದೂರು ಮುಚ್ಚಿದ್ದೀರಿ, ಹೇಗೆ ಸಿಗಲಿ?

ಕಸ್ಟಮರ್ ಕೇರ್ ಮುಖ್ಯಸ್ಥರಿಗೆ,

ವಿಷಯ: ಮೂಡಿಗೆರೆ ಕಡೆಯ ನಮ್ಮ ಫೈಬರ್ ಇಂಟರ್ನೆಟ್ ಲೈನ್ ಸತ್ತಿರುವುದು, ರಿಪೇರಿ ಮಾಡದೆಯೇ ದೂರು ಮುಚ್ಚಿರುವುದು.

ನಮಸ್ಕಾರ. ಮೊನ್ನೆಯ ಗಾಳಿಮಳೆಗೆ ತೋಟದ ಸಿಲ್ವರ್ ಮರದ ಕೊಂಬೆ ಮುರಿದು ನಿಮ್ಮ ಕೇಬಲ್ ಮೇಲೆ ಬಿತ್ತು. ಅವತ್ತಿನಿಂದ ಮೋಡೆಮ್‌ನಲ್ಲಿ ಎಲ್‌ಓಎಸ್ ಅನ್ನುವ ಕೆಂಪು ಲೈಟು ಮಿನುಗುತ್ತಲೇ ಇದೆ. ಲೈನಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅದರರ್ಥ. ನಿಮ್ಮ ಕಾಲ್ ಸೆಂಟರ್‌ನವರು ಮಾತ್ರ ಪ್ರತಿ ಸಲ ‘ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್’ ಅನ್ನುತ್ತಾರೆ. ಕೇಬಲ್ ಒಳಗೆ ತುಂಡಾದ ಗಾಜಿನ ಎಳೆ ಸ್ವಿಚ್ಚು ಒತ್ತಿದರೆ ಕೂಡಿಕೊಳ್ಳುತ್ತದಾ?

ಮಳೆಗಾಲದಲ್ಲಿ ಕೇಬಲ್ ಹೋಗುವುದು ಮಲೆನಾಡಿಗೆ ಹೊಸದಲ್ಲ, ಅದಕ್ಕೆ ನನ್ನ ಜಗಳವಿಲ್ಲ. ನಿಮ್ಮ ಆ್ಯಪ್‌ನಲ್ಲಿ ನನ್ನ ದೂರಿನ ಮುಂದೆ ‘ಗ್ರಾಹಕರು ಫೋನಿಗೆ ಸಿಗಲಿಲ್ಲ, ದೂರು ಮುಕ್ತಾಯ’ ಅಂತಿದೆ. ಹೇಗೆ ಸಿಗಲಿ ಸ್ವಾಮಿ? ನಮ್ಮ ಮನೆ ಇರುವುದು ಗುಡ್ಡದ ತಗ್ಗಿನಲ್ಲಿ, ಯಾವ ಟವರ್‌ನ ಸಿಗ್ನಲ್ಲೂ ಇಲ್ಲಿಗೆ ಇಳಿಯುವುದಿಲ್ಲ, ಮೊಬೈಲ್ ರಿಂಗ್ ಆಗುವುದೇ ವೈಫೈ ಕಾಲಿಂಗ್‌ನಿಂದ, ಆ ವೈಫೈ ಬರುವುದು ನಿಮ್ಮ ಲೈನಿನಿಂದ. ಲೈನ್ ಸತ್ತಿದೆ ಅಂದವನಿಗೆ ಅದೇ ಲೈನಿಗೆ ಫೋನ್ ಮಾಡಿ, ಎತ್ತಲಿಲ್ಲ ಅಂತ ದೂರು ಮುಚ್ಚುವುದು ಯಾವ ಊರಿನ ನ್ಯಾಯ? ಈ ಪತ್ರವನ್ನೂ ಸ್ಕೂಟರ್‌ನಲ್ಲಿ ಮೇನ್ ರೋಡಿಗೆ ಬಂದು ಕಳಿಸುತ್ತಿದ್ದೇನೆ.

ಸಿನಿಮಾ ನೋಡಲು ಆಗಲಿಲ್ಲ ಅನ್ನುವ ಸಂಕಟ ಅಲ್ಲ ಇದು. ಆನೆ ರಾತ್ರಿ ಯಾವ ತೋಟದಲ್ಲಿತ್ತು ಅಂತ ವಾಟ್ಸಾಪ್ ಗ್ರೂಪಿನಲ್ಲಿ ನೋಡಿಕೊಂಡೇ ನಾವು ಬೆಳಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸುವುದು. ಈಗ ಅದೂ ಇಲ್ಲ.

ನಿಮ್ಮ ಲೈನ್‌ಮನ್ ಹುಡುಗನನ್ನು ಬೈಯಬೇಡಿ, ಪಾಪ. ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಬೇರೆ ಕಡೆ ಹೋಗಿದೆ, ಅದು ಬರದೆ ನಾನು ಬಂದು ಏನು ಮಾಡಲಿ ಅಂದ. ಸರಿ. ಆದರೆ ಹೋದ ವರ್ಷ ಹಾಕಿದ ಜಾಯಿಂಟ್ ಒಮ್ಮೆ ಬಂದು ನೋಡಿ. ಡಬ್ಬಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಹಳೇ ಬೈಕ್ ಟ್ಯೂಬಿನಲ್ಲಿ ಮರಕ್ಕೆ ಕಟ್ಟಿದ್ದಾರೆ, ಈಗ ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ. ಗಾಳಿಗೆ ಮರ ಓಲಾಡಿದಾಗೆಲ್ಲ ಫೈಬರ್ ಬಗ್ಗುತ್ತದೆ, ಜಾಸ್ತಿ ಬಗ್ಗಿದರೆ ಬೆಳಕು ಅಲ್ಲೇ ಸೋರಿ ಹೋಗುತ್ತದೆ. ಕೊಂಬೆ ಬೀಳುವ ಮೊದಲೂ ಸಂಜೆ ಗಾಳಿ ಎದ್ದರೆ ನೆಟ್ ಬಿಟ್ಟು ಬಿಟ್ಟು ಬರುತ್ತಿದ್ದುದು ಇದಕ್ಕೇ ಅಂತ ನನ್ನ ಅನುಮಾನ.

ಬಿಲ್ ಮಾತ್ರ ತಪ್ಪದೆ ಬಂದಿದೆ, 18% ಜಿಎಸ್‌ಟಿ ಸಮೇತ.

ಹೊಸ ದೂರು ಕೊಡಿ ಅನ್ನಬೇಡಿ, ಹಳೇ ಡಾಕೆಟ್ ನಂಬರ್‌ನಲ್ಲೇ ಮತ್ತೆ ತೆರೆಯಿರಿ. ಜಾಯಿಂಟನ್ನು ಮರದಿಂದ ಇಳಿಸಿ ಕಂಬಕ್ಕೆ ಹಾಕಿ. ನೆಟ್ ಇಲ್ಲದ ದಿನಗಳ ಬಾಡಿಗೆ ಮುಂದಿನ ಬಿಲ್ಲಿನಲ್ಲಿ ಕಳೆಯಿರಿ. ಆಗದಿದ್ದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ದೂರು ನಿಯಮದಂತೆ ಮೇಲ್ಮನವಿ ಹಾಕುತ್ತೇನೆ, ಅದನ್ನು 39 ದಿನದೊಳಗೆ ನೀವು ಇತ್ಯರ್ಥ ಮಾಡಬೇಕು. ಅದನ್ನು ಕೇಳುವವರೂ ನಿಮ್ಮ ಕಂಪನಿಯವರೇ ಅಲ್ವಾ, ಹಾಗಾಗಿ ನನಗೇನೂ ದೊಡ್ಡ ಆಸೆ ಇಲ್ಲ. ಆದರೆ ಟೆಲಿಕಾಂ ದೂರನ್ನು ಗ್ರಾಹಕರ ಆಯೋಗವೂ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಆಯೋಗದ ಕಚೇರಿ ಚಿಕ್ಕಮಗಳೂರಿನಲ್ಲೇ ಇದೆ, ಸಂತೆಗೆ ಬಂದಾಗ ಹೋಗಿ ಬರುವುದು ನನಗೆ ಕಷ್ಟವಲ್ಲ.

ದಯವಿಟ್ಟು ಫೋನ್ ಮಾಡಬೇಡಿ, ಮನೆಗೇ ಬನ್ನಿ. ನಾಯಿ ಕಟ್ಟಿರುತ್ತೇವೆ.

ಇಂತಿ,
ಮೂಡಿಗೆರೆ ತಾಲ್ಲೂಕಿನ ನಿಮ್ಮ ಗ್ರಾಹಕ